ಕಂಪ್ಯೂಟರಿನ ಪಾಳಿ

ನಮ್ಮ ಶಾಲೆಗೆ ಕಂಪ್ಯೂಟರ್ ಬಂದದ್ದು ಕಬ್ಬು ಹೇರುವ ಟ್ರ್ಯಾಕ್ಟರಿನಲ್ಲಿ. ಪೆಟ್ಟು ಬೀಳಬಾರದೆಂದು ಟ್ರೇಲರಿನ ತುಂಬ ಕಬ್ಬಿನ ಒಣ ಗರಿಯ ರವದಿ ಹರಡಿ, ಅದರ ಮೇಲೆ ಕೌದಿ ಹಾಸಿ, ಕೌದಿಯ ಮೇಲೆ ಡಬ್ಬಿಗಳನ್ನಿಟ್ಟಿದ್ದರು. ಹತ್ತನೆಯ ಇಯತ್ತೆಯ ಇಬ್ಬರು ಹುಡುಗರು ಅವನ್ನು ಬಾಣಂತಿ ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಕೂತಿದ್ದರು. ಚಿಕ್ಕೋಡಿಯಿಂದ ಹೊರಟು ಏಕಸಂಬಿ ದಾಟಿ ನಮ್ಮ ಹಳ್ಳಿ ಮುಟ್ಟುವ ಹೊತ್ತಿಗೆ ಹುಡುಗರ ಹುಬ್ಬುಗಳು ಕೂಡ ಧೂಳಿನಿಂದ ಬೆಳ್ಳಗಾಗಿದ್ದವು, ಡಬ್ಬಿಗಳಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಆಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ಅದೇ ಶಾಲೆಯಲ್ಲಿ ಕಲಿತು ಪುಣೆಯಲ್ಲಿ ಕೈತುಂಬ ಗಳಿಸಿದವರೊಬ್ಬರು ಕೊಡಿಸಿದ ಯಂತ್ರ ಅದು. ಕೊಡಿಸಿದವರು ಕರೆಂಟನ್ನು ಮಾತ್ರ ಕೊಡಿಸಿರಲಿಲ್ಲ.

ನಾನು ಆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ, ತಂಬಾಕಿನ ಘಾಟಿಗೆ ಸೀನುತ್ತ. ಮನೆಗೆ ನಲ್ಲಿಯಿತ್ತು. ಬಾವಿಯ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ, ಅದರೊಳಗೆ ಬಗ್ಗಿ ನೋಡಬಾರದು ಎಂದು ಅವ್ವ ಬೈದದ್ದು. ಏಕಸಂಬಿಯಲ್ಲಿ ಖೋಲಿ ಬಾಡಿಗೆಗೆ ಹಿಡಿದು ದಿನಾ ಬಸ್ಸಿನಲ್ಲಿ ಹಳ್ಳಿಗೆ ಹೋಗಿ ಬರುತ್ತಿದ್ದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹುಡುಗರು ಹೇಳಿಕೊಳ್ಳುತ್ತಿದ್ದರು. ಇರಲಿ, ಮೂಗು ನನ್ನದು.

ಚಿಕ್ಕೋಡಿಯಲ್ಲಿ ತರಬೇತಿಯಿದೆ ಎಂದಾಗ ಹೆಡ್ ಮಾಸ್ತರರು ನನ್ನನ್ನೇ ಕಳಿಸಿದರು. ಕಲಿಸಲು ಬಂದಿದ್ದ ತರುಣ ಅರ್ಧ ಮರಾಠಿ, ಅರ್ಧ ಇಂಗ್ಲಿಷ್ ಮಾತಾಡುತ್ತಿದ್ದ, ಎರಡನ್ನೂ ಬಹಳ ಅವಸರದಿಂದ. ಅವನ ಗದ್ದಲದಲ್ಲಿ ನನಗೆ ದಕ್ಕಿದ್ದು ಒಂದು ಆಮೆ. ಪರದೆಯ ನಡುವೆ ಪುಟ್ಟ ತ್ರಿಕೋನವೊಂದು ಕಾಣಿಸುತ್ತಿತ್ತು, ಅದಕ್ಕೆ ಆಮೆ ಎಂದು ಹೆಸರು. ಕೀಲಿಗಳನ್ನೊತ್ತಿ ಮುಂದೆ ಹೋಗು ಎಂದರೆ ಗೆರೆ ಎಳೆಯುತ್ತ ಮುಂದೆ ಹೋಗುತ್ತಿತ್ತು, ಬಲಕ್ಕೆ ತಿರುಗು ಎಂದರೆ ತಿರುಗುತ್ತಿತ್ತು. ಹೇಳಿದಷ್ಟನ್ನೇ ಮಾಡುವ ಪ್ರಾಣಿಯನ್ನು ನಾನು ಅಲ್ಲಿಯವರೆಗೆ ಶಾಲೆಯಲ್ಲಿ ನೋಡಿರಲಿಲ್ಲ. ಲಂಬಕೋನವನ್ನು ಕಲಿಸಲು ವರ್ಷಗಟ್ಟಲೆ ಸುಣ್ಣದ ಕಡ್ಡಿ ಸವೆಸಿದ್ದ ನನಗೆ ಅದರ ಮೇಲೆ ಒಮ್ಮೆಲೇ ಪ್ರೀತಿ ಹುಟ್ಟಿತು.

ಆದರೆ ಯಂತ್ರ ಒಂದೇ. ಕರಿಹಲಗೆ ಎಲ್ಲರದು, ಹಿಂದಿನ ಬೆಂಚಿನವನಿಗೂ ಅದು ಕಾಣುತ್ತದೆ. ಕಂಪ್ಯೂಟರಿನ ಮುಂದೆ ಒಂದೇ ಸ್ಟೂಲು. ಯಾರು ಕೂರಬೇಕು, ಎಷ್ಟು ಹೊತ್ತು ಕೂರಬೇಕು ಎಂಬ ಪ್ರಶ್ನೆ ನನಗೆ ಅಲ್ಲಿಯವರೆಗೆ ಬಂದಿರಲೇ ಇಲ್ಲ. ಹೆಡ್ ಮಾಸ್ತರರು ದೇವರಿಗಿಂತ ಕೈಗಡಿಯಾರವನ್ನು ಹೆಚ್ಚು ನಂಬಿದವರು. ಹಾಜರಿಯ ಕ್ರಮದಲ್ಲಿ ಒಬ್ಬೊಬ್ಬರಾಗಿ ಕೂರಬೇಕು, ಪಾಳಿ ಮುಗಿದ ಕೂಡಲೇ ಜವಾನ ಗಂಟೆ ಹೊಡೆಯಬೇಕು, ನಡುವೆ ಕರೆಂಟ್ ಹೋದರೆ ಆ ಮಗುವಿನ ಹಣೆಬರಹ, ಮುಂದಿನ ಸಲ ಮುಂದಿನವರು. ಹೀಗೆಂದು ಅವರು ನಿಯಮ ಮಾಡಿದರು. ನನಗೂ ಅದು ಸರಿಯಾಗಿಯೇ ಕಂಡಿತು.

ಇನ್ನು ಕರೆಂಟಿನ ಕಥೆ. ನಮ್ಮ ಕಡೆ ಮೂರು ಫೇಜಿನ ಕರೆಂಟು ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ. ಅದಿಲ್ಲದ ಹೊತ್ತಿನಲ್ಲಿ ಮನೆಯ ದೀಪಕ್ಕೆಂದು ಸಿಂಗಲ್ ಫೇಜ್ ಬಿಡುತ್ತಿದ್ದರು. ಕಬ್ಬಿನ ಮಂದಿ ಅಷ್ಟಕ್ಕೆ ಬಿಟ್ಟಾರೆಯೇ? ಮೋಟಾರಿಗೆ ಕಂಡೆನ್ಸರ್ ಎಂಬ ಡಬ್ಬಿ ಜೋಡಿಸಿ ಆ ಬಡಕಲು ಕರೆಂಟಿನಲ್ಲೂ ಬಾವಿಯ ನೀರೆತ್ತುತ್ತಿದ್ದರು. ಆಗ ಶಾಲೆಯ ಬಲ್ಬಿನೊಳಗೆ ಕೆಂಪು ತಂತಿ ಮಾತ್ರ ಕಾಣುತ್ತಿತ್ತು. ಸ್ಟೆಬಿಲೈಜರು ಟಕಟಕ ಅಂದು ಸುಮ್ಮನಾಗುತ್ತಿತ್ತು, ನಮ್ಮ ಆಮೆ ನಡೆಯುತ್ತಲೇ ಮಾಯವಾಗುತ್ತಿತ್ತು. ಲೈನ್‌ಮನ್ ಬಂದು ಕೈಮುಗಿದರೂ ಯಾರೂ ಕಂಡೆನ್ಸರ್ ತೆಗೆಯುತ್ತಿರಲಿಲ್ಲ.

ಕರೆಂಟಿಲ್ಲದ ದಿನ ನಾನು ಪಡಸಾಲೆಯ ಕಲ್ಲುಹಾಸಿನ ಮೇಲೆ ಸುಣ್ಣದ ಕಡ್ಡಿಯಿಂದ ದೊಡ್ಡದಾಗಿ ಕೀಲಿಮಣೆ ಬರೆಯುತ್ತಿದ್ದೆ. ಮಕ್ಕಳು ಕುಕ್ಕರಗಾಲಿನಲ್ಲಿ ಕೂತು ಅದನ್ನೇ ಒತ್ತುತ್ತಿದ್ದರು. ಒಬ್ಬರು ಒತ್ತಿದ ಹಾಗೆ ಇನ್ನೊಬ್ಬರು ಅಂಗಳದಲ್ಲಿ ಆಮೆಯಾಗಿ ನಡೆಯಬೇಕು. ಅದರಲ್ಲಿ ಎಲ್ಲರಿಗಿಂತ ಚುರುಕಾಗಿದ್ದವಳು ಎಂಟನೆಯ ಇಯತ್ತೆಯ ಒಬ್ಬ ಹುಡುಗಿ, ಕುರಿ ಕಾಯುವವರ ಮಗಳು. ಅವಳು ಒತ್ತಿದರೆ ಅಂಗಳದ ಆಮೆ ಒಮ್ಮೆಯೂ ಗೋಡೆಗೆ ಹಾಯುತ್ತಿರಲಿಲ್ಲ. ಊಟದ ಬಿಡುವಿನಲ್ಲೂ ಅಲ್ಲೇ ಕೂತಿರುತ್ತಿದ್ದಳು, ಲಂಗದ ತುಂಬ ಸುಣ್ಣದ ಕಲೆ.

ಅವಳ ದೈವ ನೋಡಿ, ನಿಜವಾದ ಕಂಪ್ಯೂಟರಿನ ಮುಂದೆ ಅವಳು ಕೂತ ಕೂಡಲೇ ಕರೆಂಟು ಹೋಗುತ್ತಿತ್ತು. ಮೊದಲ ಸುತ್ತಿನಲ್ಲಿ ಹೋಯಿತು. ಮುಂದಿನ ಸುತ್ತು ಬರಲು ವಾರಗಳೇ ಹಿಡಿದವು, ಆಗಲೂ ಹೋಯಿತು. ಹುಡುಗರು ನಗಲು ಶುರು ಮಾಡಿದರು. ‘ಕುಂತಳು ನೋಡ್ಲೇ, ಇನ್ನ ಕರೆಂಟ್ ಹೋಗತೈತಿ’ ಎಂದು ಒಬ್ಬ ಅಂದರೆ ಬೆಂಚು ಬೆಂಚೇ ಕಿಸಕ್ಕೆನ್ನುತ್ತಿತ್ತು. ಅವಳು ಅಳಲಿಲ್ಲ, ನನಗೇ ಸಂಕಟವಾಗುತ್ತಿತ್ತು.

ಮೂರನೆಯ ಸಲವೂ ಹಾಗೇ ಆದಾಗ ಅವಳು ಸ್ಟೂಲು ಬಿಟ್ಟು ಏಳಲಿಲ್ಲ. ಜವಾನ ಗಂಟೆ ಹೊಡೆದ. ಹಾಜರಿಯಲ್ಲಿ ಅವಳ ನಂತರದವನು, ಕಬ್ಬು ದ್ರಾಕ್ಷಿ ಎರಡೂ ಇದ್ದ ದೊಡ್ಡ ಮನೆತನದ ಹುಡುಗ, ಬಂದು ಪಕ್ಕದಲ್ಲಿ ನಿಂತ.

‘ಏಳ ಬೇ, ನಂದ ಪಾಳಿ’ ಎಂದ.

ಅವಳು ಅವನ ಕಡೆ ನೋಡಲೇ ಇಲ್ಲ. ನನಗೆ ಹೇಳಿದಳು: ‘ಅಕ್ಕೋರ, ಕರೆಂಟ್ ಹೋದ್ರ ಪಾಳಿ ಹೋಗೂದಿಲ್ರಿ. ಬಾವ್ಯಾಗ ಹಂಗ ಇಲ್ರಿ.’

‘ನಿಮಗ ಬಾವೀನ ಇಲ್ಲ, ನಿನಗೇನ ಗೊತ್ತ?’ ಎಂದ ಹುಡುಗ.

‘ಬಾವಿ ಇಲ್ಲ, ಕುರಿ ಅದಾವಲ್ಲ. ನೀರ ಕುಡಸಾಕ ನಿಂತಾಗ ನಿಮ್ಮ ಮನ್ಯಾವರ ಪಾಳಿ ಜಗಳಾ ಎಲ್ಲಾ ಕೇಳೀನಿ.’

ವರ್ಗವೆಲ್ಲ ಘೊಳ್ಳೆಂದಿತು. ಮೇಜು ಬಡಿದು ಸುಮ್ಮನಾಗಿಸಿ, ಇದೇನು ಬಾವಿಯ ಪುರಾಣ ಎಂದು ಕೇಳಿದೆ. ಅರ್ಧ ವರ್ಗ ಒಟ್ಟಿಗೇ ಎದ್ದು ನಿಂತು ನನಗೆ ಪಾಠ ಹೇಳಿತು. ಅಣ್ಣತಮ್ಮಂದಿರು ಬೇರೆಯಾದಾಗ ಹೊಲವನ್ನು ಹಂಚಿಕೊಳ್ಳುತ್ತಾರೆ, ಬಾವಿಯನ್ನು ಹಂಚಿಕೊಳ್ಳಲಾಗುವುದಿಲ್ಲ. ಅದಕ್ಕೆ ಪಾಳಿ ಹಚ್ಚಿಕೊಳ್ಳುತ್ತಾರೆ. ಒಬ್ಬನ ಪಾಳಿಯಲ್ಲಿ ಕರೆಂಟು ಹೋದರೆ ಅದು ಬರುವವರೆಗೂ ಪಾಳಿ ಅವನದೇ, ಅವನ ಬೆಳೆಯ ಕೊನೆಯ ಸಾಲಿಗೆ ನೀರು ಮುಟ್ಟುವ ತನಕ. ‘ನಂದ ಆತು’ ಎಂದು ಅವನೇ ಬಾಯಿಬಿಟ್ಟು ಹೇಳಬೇಕು. ಬೇಕಾದರೆ ನಡುವೆಯೇ ಇನ್ನೊಬ್ಬನಿಗೆ ಕೈಗಡ ಕೊಡಬಹುದು, ತೆಗೆದುಕೊಂಡವನು ಕೇಳಿದಾಗ ಹೊಳ್ಳಿ ಕೊಡಲೇಬೇಕು. ಇದಾವುದೂ ಕಾಗದದಲ್ಲಿಲ್ಲ, ಬಾಯಿ ಮಾತಿನ ಮೇಲೇ ನಡೆಯುತ್ತದೆ. ಇನ್ನೊಬ್ಬನ ಪಾಳಿಯಲ್ಲಿ ಮೋಟಾರು ಹಚ್ಚಿದವನ ಮನೆಗೆ ಊರಲ್ಲಿ ಯಾರೂ ಚಹಾಕ್ಕೂ ಹೋಗುವುದಿಲ್ಲ.

ನಾನು ದೊಡ್ಡ ಮನೆತನದ ಹುಡುಗನನ್ನು ಕೇಳಿದೆ, ನಿಮ್ಮ ಬಾವಿಯಲ್ಲೂ ಹೀಗೇನಾ ಎಂದು. ಅವನು ಕಾಲಿನಿಂದ ನೆಲ ಕೆರೆದು, ‘ಹಂಗ ಐತ್ರಿ’ ಎಂದ.

ಅಂದಿನಿಂದ ನಮ್ಮ ಕಂಪ್ಯೂಟರಿಗೂ ಬಾವಿಯ ನಿಯಮವೇ ಜಾರಿಯಾಯಿತು. ಹೆಡ್ ಮಾಸ್ತರರು ತಲೆ ಕೊಡವಿದರು. ‘ಹಿಂಗಾದ್ರ ಒಬ್ಬಾಕೀನ ವರ್ಷಾನಗಟ್ಟಲೆ ಕುಂತ ಬಿಡ್ತಾಳ್ರಿ’ ಎಂದರು. ಅವರ ಮಾತು ಸುಳ್ಳಾಗಲಿಲ್ಲ. ಮರುದಿನದಿಂದ ಹಗಲು ಸಿಂಗಲ್ ಫೇಜು, ಸುತ್ತಲ ಬಾವಿಗಳಲ್ಲೆಲ್ಲ ಕಂಡೆನ್ಸರು, ನಮ್ಮ ಬಲ್ಬಿನಲ್ಲಿ ಕೆಂಪು ತಂತಿ. ಪಾಳಿ ಅವಳದೇ, ಕರೆಂಟಿಲ್ಲ. ಹಿಂದಿನವರೆಲ್ಲ ನಿಂತೇ ಉಳಿದರು. ಕೆಲವು ದಿನಗಳ ಮೇಲೆ ಆಗಾಗ ಒಂದಿಷ್ಟು ಹೊತ್ತು ಬಲ್ಬು ಬೆಳಗುತ್ತಿತ್ತು, ಆದರೆ ಅಷ್ಟರಲ್ಲಿ ಅವಳು ಶಾಲೆಗೆ ಬರುವುದನ್ನೇ ಬಿಟ್ಟಿದ್ದಳು.

ದೀಪಾವಳಿ ಹತ್ತಿರವಾಗಿತ್ತು. ಪಾಡ್ಯ ಮುಗಿದ ಮೇಲೆ ಕುರಿಯವರು ಹಿಂಡು ಹೊಡೆದುಕೊಂಡು ಪಡುವಣದ ಕಡೆ ಹೊರಡುತ್ತಾರೆ, ಮಳೆಗಾಲಕ್ಕೆ ಮುಂಚೆ ಹೊಳ್ಳುತ್ತಾರೆ. ಈ ವರ್ಷ ಅವಳೂ ಹೊರಟಿದ್ದಾಳೆ, ಇನ್ನು ಶಾಲೆಗೆ ಬರುವುದಿಲ್ಲ ಎಂದು ಹುಡುಗಿಯರು ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಅದೇ ಸಂಜೆ ಬಸ್ಸು ಬಿಟ್ಟು ಅವರ ಹಟ್ಟಿಗೆ ನಡೆದೆ.

ಕಟಾವಾದ ಹೊಲವೊಂದರಲ್ಲಿ ನಾಲ್ಕೂ ಕಡೆ ಬಲೆ ಸುತ್ತಿ ಹಟ್ಟಿ ಹಾಕಿ, ಒಳಗೆ ಕುರಿ ತರುಬಿದ್ದರು. ಅಪ್ಪ ಕೂತು ಕುರಿಯ ಉಣ್ಣೆ ಕತ್ತರಿಸುತ್ತಿದ್ದ, ಮಗಳು ಕುರಿಯ ಕಾಲು ಹಿಡಿದಿದ್ದಳು. ನನ್ನನ್ನು ಕಂಡು ಕಂಬಳಿ ಹಾಸಿ, ‘ಬರ್ರಿ ಅಕ್ಕೋರ’ ಎಂದ. ನಾನು ಶಿಕ್ಷಣದ ಬಗ್ಗೆ ಒಂದು ಭಾಷಣವನ್ನೇ ಮಾಡಿದೆ. ಅವನು ಕತ್ತರಿ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡು ಹೇಳಿದ:

‘ಎಂಟರ ಮಟಾ ಬಂದಾಳ, ಸಾಕಲ್ರಿ. ಈ ಸಲಾ ಮರಿ ಭಾಳ ಹುಟ್ಟತಾವ. ಆಕಿ ಬಿಟ್ರ ಮರಿ ನೋಡಾವ್ರ ಯಾರ ಅದಾರ್ರಿ ನಮ್ಮಲ್ಲೆ?’

ಅವನ ಮಾತಿನಲ್ಲಿ ಒರಟುತನವಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಸೋಲಿಸಿತು. ಬೈಯಲು ಬಂದವಳಿಗೆ ಬೈಯಲು ಜಾಗವೇ ಸಿಗಲಿಲ್ಲ. ಹೋಗಲಿ ಎಂದು ಎದ್ದು, ಹುಡುಗಿಗೆ ಹೇಳಿದೆ: ‘ನಿನ್ನ ಪಾಳಿಯನ್ನ ಮುಂದಿನವನಿಗೆ ಕೈಗಡ ಕೊಟ್ಟು ಹೋಗವ್ವಾ. ಉಳಿದವರೆಲ್ಲ ಕಾಯಾಕತ್ತಾರ.’

‘ಕೊಡೂದಿಲ್ರಿ’ ಎಂದಳು. ‘ಹೊಳ್ಳಿ ಬರಾವ್ರ ಕೈಗಡಾ ಕೊಡ್ತಾರ. ನಾ ಬರೂದಿಲ್ಲಂದ್ರ ಇಸಗೊಳ್ಳೂದ ಹ್ಯಾಂಗ್ರಿ?’

ಅಪ್ಪನ ಕತ್ತರಿ ನಿಂತಿತು. ‘ಪಾಳಿ ಐತೇನ್ರಿ ಆಕೀದು?’ ಎಂದು ನನ್ನನ್ನು ಕೇಳಿದ. ಇದೆ ಎಂದೆ. ಕರೆಂಟು ಹೋದದ್ದು, ಎರಡು ಸಲ ಸ್ಟೂಲಿನಿಂದ ಎದ್ದು ಬಂದದ್ದು, ಮೂರನೆಯ ಸಲ ಏಳದೆ ಕೂತದ್ದು ಎಲ್ಲ ಹೇಳಿದೆ. ಅವನು ಅರ್ಧ ಕತ್ತರಿಸಿದ್ದ ಕುರಿಯ ಬೆನ್ನು ಸವರಿದ. ಆಮೇಲೆ, ‘ಪಾಳಿ ಬಿಟ್ಟ ಹೋಗಬಾರ್ದ್ರಿ. ಪಾಡ್ಯಾ ಆದ ಮರದಿನಾ ಶಾಳಾ ಮುಂದ ಹಾದ ಹೋಗ್ತೇವಿ. ಆಕಿ ಪಾಳಿ ಆಗ್ಲಿ, ಆಮ್ಯಾಲ ದಾರಿ ಹಿಡೀತೇವಿ’ ಎಂದ.

ನನ್ನ ಭಾಷಣಕ್ಕೆ ಸಿಗದಿದ್ದದ್ದು ಆ ಒಂದು ಶಬ್ದಕ್ಕೆ ಸಿಕ್ಕಿತ್ತು. ಆದರೂ ಸಿಕ್ಕದ್ದು ಒಂದು ಬೆಳಗು ಮಾತ್ರ, ಶಾಲೆಯಲ್ಲ. ಬರುವ ದಾರಿಯಲ್ಲಿ ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಲಾಗಿ ಆ ಬೆಳಗು ಕರೆಂಟು ಇರುತ್ತದೆಂದು ಯಾರು ಹೇಳಬೇಕು?

ಮರುದಿನ ವರ್ಗದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಲ್ಲರಿಗಿಂತ ಮೊದಲು ಚಡಪಡಿಸಿದವನು ದೊಡ್ಡ ಮನೆತನದ ಹುಡುಗ. ಅವಳ ಪಾಳಿ ಮುಗಿಯದೆ ಅವನ ಪಾಳಿ ಬರುವಂತಿರಲಿಲ್ಲವಲ್ಲ. ಅವನು ನೇರ ಮನೆಗೆ ಹೋಗಿ ಅಜ್ಜನ ಮುಂದೆ ಕೂತನಂತೆ. ಹಬ್ಬದ ದಿನ ಮೋಟಾರು ನಿಲ್ಲಿಸು ಎಂದರೆ ಆ ಅಜ್ಜ ಮೊಮ್ಮಗನ ಬೆನ್ನ ಮೇಲೆ ಎರಡು ಬಿಡುತ್ತಿದ್ದ. ಹುಡುಗ ಹಾಗೆ ಹೇಳಲಿಲ್ಲ. ‘ಅಜ್ಜಾ, ಆ ಹೊತ್ತಿಗೆ ಕರೆಂಟಿನ ಪಾಳಿ ಕುರಿಯವರ ಹುಡುಗೀದು ಐತಿ’ ಎಂದನಂತೆ. ಯಾರು ಹಚ್ಚಿದ್ದು ಈ ಪಾಳಿ ಎಂದು ಅಜ್ಜ ಕೇಳಿದರೆ, ಅಕ್ಕೋರು ಹಚ್ಚಿದ್ದು, ಎಲ್ಲರೂ ಒಪ್ಪಿದ್ದು ಎಂದನಂತೆ. ಉಳಿದ ಮಕ್ಕಳೂ ತಮ್ಮ ತಮ್ಮ ಮನೆಗಳಲ್ಲಿ ಅದನ್ನೇ ಹೇಳಿದರು. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಪಾಡ್ಯದ ಮರುದಿನ ಶಾಲೆಗೆ ರಜೆ. ಕೀಲಿಕೈ ಕೊಡಲು ಹೆಡ್ ಮಾಸ್ತರರು ನಿಯಮದ ಮೇಲೆ ನಿಯಮ ಹೇಳಿದರು, ಕೊನೆಗೆ ತಾವೇ ಬಂದು ಬಾಗಿಲು ತೆಗೆದರು. ಹಬ್ಬದ ಬಟ್ಟೆಯಲ್ಲಿ ವರ್ಗದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಬಂದಿದ್ದರು. ಹಿಂಡು ಬಂದು ಶಾಲೆಯ ಅಂಗಳದ ತುಂಬ ನಿಂತಿತು. ಸಾಮಾನು ಹೇರಿದ ಕುದುರೆ, ಕುದುರೆಯ ಮೇಲೆ ಬುಟ್ಟಿಯಲ್ಲಿ ಎಳೆಯ ಮರಿಗಳು. ಕುರಿಗಳು ನೇರ ಹೆಡ್ ಮಾಸ್ತರರು ಬೆಳೆಸಿದ ದಾಸವಾಳಕ್ಕೇ ಬಾಯಿ ಹಾಕಿದವು. ಅವರು ಕೊಡೆ ಬೀಸುತ್ತ ಆ ಕಡೆ ಓಡಿದರು.

ಹುಡುಗಿ ಬಂದು ಸ್ಟೂಲಿನ ಮೇಲೆ ಕೂತಳು. ಬಲ್ಬಿನಲ್ಲಿ ಅದೇ ಕೆಂಪು ತಂತಿ. ನಾನು ಅವಳ ಮುಖ ನೋಡಲಾರದೆ ಬಲ್ಬನ್ನೇ ನೋಡುತ್ತ ನಿಂತೆ. ಆಗ ದೂರದ ಹೊಲಗಳಲ್ಲಿ ಸದಾ ಗುಂಯ್‌ಗುಡುವ ಮೋಟಾರುಗಳಲ್ಲಿ ಒಂದು ನಿಂತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮಕ್ಕಳು ಕಿಟಕಿಗೆ ಹೋಗಿ, ‘ಅದು ನಮ್ಮದರಿ’, ‘ಅದು ನಮ್ಮ ಕಾಕಾಂದರಿ’ ಎಂದು ಕಿವಿಯಿಂದಲೇ ಗುರುತು ಹಿಡಿದು ಹೇಳತೊಡಗಿದರು. ತಂತಿ ಹಳದಿಯಾಯಿತು, ಬಲ್ಬು ಬೆಳ್ಳಗಾಯಿತು. ಹೊರಗೆ ಕುರಿಗಳ ಸದ್ದು ಬಿಟ್ಟರೆ ಊರು ಪೂರ್ತಿ ನಿಶ್ಶಬ್ದವಾಗಿತ್ತು. ಅಷ್ಟೊಂದು ನಿಶ್ಶಬ್ದವನ್ನು ನಾನು ಆ ಊರಿನಲ್ಲಿ ಮತ್ತೆ ಕೇಳಿಲ್ಲ.

ಪರದೆ ತೆರೆಯಿತು, ಆಮೆ ಬಂದು ನಡುವೆ ನಿಂತಿತು. ಅವಳು ಒಂದು ಕೀಲಿ ಒತ್ತಿದಳು. ಒತ್ತಿದ ಬೆರಳನ್ನು ತಿರುಗಿಸಿ ನೋಡಿಕೊಂಡಳು, ಸುಣ್ಣ ಅಂಟಿರಲಿಲ್ಲ. ಆಮೇಲೆ ತಡೆಯಲಿಲ್ಲ. ಆಮೆ ಮುಂದೆ ನಡೆಯಿತು, ಬಲಕ್ಕೆ ತಿರುಗಿತು, ಮತ್ತೆ ನಡೆಯಿತು, ಮತ್ತೆ ತಿರುಗಿತು. ಕಿಟಕಿಯ ಹೊರಗೆ ಅವಳಪ್ಪ ಕೋಲಿನ ಮೇಲೆ ಗದ್ದ ಊರಿ ನೋಡುತ್ತಿದ್ದ. ‘ಹಟ್ಟಿ ಹಾಕಾಕತ್ತಾಳ’ ಎಂದ, ಯಾರಿಗೂ ಅಲ್ಲ, ತನಗೇ.

ನಾಲ್ಕನೆಯ ಗೆರೆ ಅರ್ಧ ದಾಟಿದ ಮೇಲೆ ಅವಳು ನಿಲ್ಲಿಸಿದಳು. ಬೇಲಿ ಕೂಡಲು ಒಂದು ಬೆರಳಿನಷ್ಟು ಜಾಗ ಉಳಿದಿತ್ತು.

‘ಇನ್ನೊಂದು ಸ್ವಲ್ಪ, ಮುಗೀತು’ ಎಂದೆ ನಾನು.

‘ಕುರಿ ಒಳಗ ಬರೂತನಾ ಬಾಗಲಾ ಹಾಕಬಾರ್ದ್ರಿ ಅಕ್ಕೋರ’ ಎಂದಳು. ಹಾಗೆಂದವಳು ಎದ್ದು ನಿಂತು, ಹಿಂದೆ ಕಾಯುತ್ತಿದ್ದ ದೊಡ್ಡ ಮನೆತನದ ಹುಡುಗನ ಕಡೆ ತಿರುಗಿದಳು. ಕಿಟಕಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: ‘ನಂದ ಆಗಿಲ್ಲ. ಉಳದದ್ದ ನಿನಗ ಕೈಗಡಾ ಕೊಟ್ಟೇನಿ. ನಾ ಬಂದಾಗ ಹೊಳ್ಳಿ ಕೊಡಬೇಕ.’

ಹುಡುಗ ನನ್ನ ಮುಖ ನೋಡಿದ, ಆಮೇಲೆ ಕಿಟಕಿಯಲ್ಲಿದ್ದ ಅಪ್ಪನ ಮುಖ ನೋಡಿದ. ಈಗ ‘ತಗೊಂಡೆ’ ಎಂದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವನದು ಬಾವಿಯಿದ್ದವರ ಮನೆ.

‘ಆಗ್ಲಿ, ತಗೊಂಡೆ’ ಎಂದ.

ಅಪ್ಪ ಕಿಟಕಿ ಬಿಟ್ಟು ಸರಿದ. ನಾಯಿಗಳಿಗೆ ಸಿಳ್ಳೆ ಹಾಕಿ ಹಿಂಡನ್ನು ರಸ್ತೆಗೆ ತಿರುಗಿಸಿದ. ಅವಳು ಬುಟ್ಟಿಯಿಂದ ಒಂದು ಮರಿಯನ್ನೆತ್ತಿ ಹೆಗಲಿಗೆ ಹಾಕಿಕೊಂಡು ಹಿಂದೆ ನೋಡದೆ ನಡೆದಳು. ನನಗೆ ಅಳು ಒತ್ತಿ ಬಂತು, ಮಕ್ಕಳಿಗೆ ಕಾಣದಿರಲೆಂದು ಸ್ಟೆಬಿಲೈಜರಿಗೆ ಬೈದೆ. ಅವಳ ಹಟ್ಟಿಯನ್ನು ಒಂದು ಫ್ಲಾಪಿಯಲ್ಲಿ ಉಳಿಸಿಟ್ಟೆ. ಉಳಿಸುವುದನ್ನು ಆ ತರಬೇತಿಯ ತರುಣ ಕಲಿಸಿದ್ದ, ಅವನಿಗೆ ಅಷ್ಟು ಪುಣ್ಯ ಬರಲಿ.

ಈಗ ನಿವೃತ್ತಳಾದ ಮೇಲೆ ಕೆಲವು ಶಾಲೆಗಳಿಗೆ ನನ್ನನ್ನು ಕರೆಯುತ್ತಾರೆ. ಗೋಡೆಯ ತುಂಬ ಪರದೆ, ಬೆರಳು ತಾಗಿಸಿದರೆ ಗ್ರಹಗಳು ತಿರುಗುತ್ತವೆ, ಇನ್ವರ್ಟರಿನಿಂದ ಕರೆಂಟು ಹೋದದ್ದೂ ತಿಳಿಯುವುದಿಲ್ಲ. ಚೆನ್ನಾಗಿದೆ, ನನಗೆ ಅದರ ಮೇಲೆ ಹೊಟ್ಟೆಕಿಚ್ಚೂ ಇದೆ. ಆದರೆ ಹೋದಲ್ಲೆಲ್ಲ ನನ್ನ ಕಣ್ಣು ಮೊದಲು ಹುಡುಕುವುದು ಒಂದನ್ನೇ. ಇವತ್ತು ಮುಟ್ಟುವ ಪಾಳಿ ಯಾರದು, ಅದನ್ನು ಹಚ್ಚಿದವರು ಯಾರು? ಕೇಳಿದರೆ ಮಾಸ್ತರರು ನಗುತ್ತಾರೆ.

ಆ ದೀಪಾವಳಿ ಕಳೆದು ಮುಂದಿನ ಜೂನ್ ತಿಂಗಳು ಬಂತು, ಶಾಲೆ ತೆರೆಯಿತು. ನಾನು ಹೆಚ್ಚಿನ ಆಸೆ ಇಟ್ಟುಕೊಂಡಿರಲಿಲ್ಲ. ಮಕ್ಕಳ ಬಾಯಿ ಮಾತಿಗೆ ಹಿಂಡು ತಿರುಗುತ್ತದೆಯೇ? ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ಕಂಪ್ಯೂಟರಿನ ಕೋಣೆಯ ಬಾಗಿಲಲ್ಲಿ ಅವಳಪ್ಪ ನಿಂತಿದ್ದ, ಒದ್ದೆ ಕಂಬಳಿಯ ವಾಸನೆ ಒಳಗೆ ಬಂತು. ಅವನ ಹಿಂದೆ ಅವಳು, ಬಿಸಿಲಿಗೆ ಕಪ್ಪಾಗಿ, ಒಂದು ಗೇಣು ಬೆಳೆದು.

‘ಪಾಳಿ ಉಳದೈತೆಂತ ದಾರಿ ತುಂಬಾ ತಲಿ ತಿಂದಾಳ್ರಿ’ ಎಂದ. ‘ಅದು ಮುಗಿಯೂತನಾ ಆಕಿ ಅಜ್ಜಿ ಕಡೆ ಇರ್ಲಿ ಬಿಡ್ರಿ. ಮರಿ ನೋಡಾಕ ತಮ್ಮನ ಮಗಾ ಬರ್ತಾನ.’

ಒಂಬತ್ತನೆಯ ಇಯತ್ತೆಗೆ ಹೋಗಿದ್ದ ಆ ದೊಡ್ಡ ಮನೆತನದ ಹುಡುಗ ಸ್ಟೂಲಿನ ಮೇಲೆ ಕೂತಿದ್ದ. ಯಾರೂ ಹೇಳುವ ಮೊದಲೇ ಎದ್ದು ಪಕ್ಕಕ್ಕೆ ನಿಂತ. ಹೆಡ್ ಮಾಸ್ತರರು ಗೊಣಗುತ್ತ ಅವಳನ್ನು ಮತ್ತೆ ಎಂಟಕ್ಕೇ ಹಾಕಿದರು. ಅವಳಿಗೆ ಅದರ ಚಿಂತೆಯಿರಲಿಲ್ಲ.

ಮುಂದಿನ ಪ್ರತಿ ದೀಪಾವಳಿಗೂ ಹಿಂಡು ಹೊರಡುವ ದಿನ ಅವಳಪ್ಪ ಶಾಲೆಯ ಕಿಟಕಿಗೆ ಬರುತ್ತಿದ್ದ. ‘ಮುಗೀತೇನ ಬೇ ನಿನ್ನ ಪಾಳಿ?’ ಎಂದು ಕೇಳುತ್ತಿದ್ದ. ಅವಳು ಫ್ಲಾಪಿ ಹಾಕಿ ತನ್ನ ಹಟ್ಟಿಯನ್ನು ತೆರೆದು ತೋರಿಸುತ್ತಿದ್ದಳು. ಅದರ ಪಕ್ಕದಲ್ಲಿ ಮನೆ, ಬಾವಿ, ಸಾಲು ಮರ ಎಲ್ಲ ಬಂದಿದ್ದವು, ಬೇಲಿಯ ಬಾಗಿಲು ಮಾತ್ರ ಹಾಗೇ ಇರುತ್ತಿತ್ತು. ‘ಇನ್ನಾ ಇಲ್ಲಪಾ’ ಎನ್ನುತ್ತಿದ್ದಳು. ಒಂದು ನೋಟಕ್ಕೆ ಇಡೀ ಹಿಂಡನ್ನು ಎಣಿಸುವ ಮನುಷ್ಯ ಅವನು. ಬೆರಳಿನಷ್ಟು ಗೆರೆ ಎಳೆಯಲು ಎಷ್ಟು ಹೊತ್ತು ಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲವೇ? ಪರದೆಯನ್ನು ನೋಡುತ್ತಿದ್ದ, ಮಗಳನ್ನು ನೋಡುತ್ತಿದ್ದ, ‘ಆಗ್ಲಿ, ಸಾವಕಾಶ ಮುಗಸ’ ಎಂದು ಕೋಲು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಹತ್ತನೆಯ ಇಯತ್ತೆ ಪಾಸಾಗಿ ಚಿಕ್ಕೋಡಿಯ ಕಾಲೇಜಿಗೆ ಹೆಸರು ಹಚ್ಚುವ ತನಕ ಅವಳು ಆ ಗೆರೆ ಕೂಡಿಸಲಿಲ್ಲ, ಅವನೂ ಕೂಡಿಸು ಎನ್ನಲಿಲ್ಲ.